ಗೋಧೂಳಿಯಲ್ಲಿ ಕೋಳಿಗಳ ಗೃಹಪ್ರವೇಶ

ಸಂಜೆ ಆರೂವರೆಯ ಹೊತ್ತು. ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಲ್ಲಿ ಇಳಿದ ಜನ ಕಾರ್ಡ್ ರಸ್ತೆ ದಾಟಿ ಮನೆ ಕಡೆ ಹೆಜ್ಜೆ ಹಾಕುತ್ತಿರುತ್ತಾರೆ. ಒಳಗಿನ ಗಲ್ಲಿಯೊಂದರಲ್ಲಿ, ಶೀಟಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸುತ್ತಿರುವ ಸೈಟಿನ ಹಿಂಭಾಗದಲ್ಲಿ, ಬೇರೆಯದೇ ಗಲಾಟೆ. ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ ಹೊಸ ಕೋಳಿಗೂಡು ಹಸಿರು ಬಣ್ಣ ಹೊಡೆಸಿಕೊಂಡು ನಿಂತಿದೆ. ಒಳಗೆ ಭತ್ತದ ಹೊಟ್ಟು ಹಾಸಿದೆ, ನೀರಿದೆ, ಅಕ್ಕಿ ನುಚ್ಚಿದೆ, ಬಾಗಿಲು ಹಾರುಹೊಡೆದಿದೆ. ಕೋಳಿಗಳು ಮಾತ್ರ ಅದರತ್ತ ತಿರುಗಿಯೂ ನೋಡದೆ, ಹತ್ತು ಅಡಿ ಆಚೆ ಹಳೇ ಗೂಡಿದ್ದ ಜಾಗದಲ್ಲಿ ಗುಂಪುಗಟ್ಟಿವೆ. ಅಲ್ಲಿ ಈಗಿರುವುದು ಎಂ ಸ್ಯಾಂಡ್ ಗುಡ್ಡೆ. ಹ್ಯಾಟೆಯೊಂದು ಅದರ ನೆತ್ತಿ ಹತ್ತಿ ಕೂತೂ ಆಯಿತು. ‘ಬಾ ಬಾ ಬಾ’ ಎಂದು ಕರೆದರೂ ಇಲ್ಲ, ಪೊರಕೆ ಹಿಡಿದು ಅಟ್ಟಿದರೂ ಇಲ್ಲ.

‘ಬಿಡಜ್ಜಿ, ನಾಳೆಗೆ ಅವೇ ಕಲ್ತ್ಕೊತವೆ.’

‘ನಾಳೆವರ್ಗೂ ಬೆಕ್ಕು ಉಳಿಸಿದ್ರೆ ತಾನೆ ಮಗ?’

ಪಶ್ಚಿಮ ಬೆಂಗಳೂರಿನಲ್ಲಿ ನಾಲ್ಕು ಕೋಳಿ ಸಾಕಿಕೊಂಡ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತಿದು. ಗೂಡು ಕಟ್ಟಿಸಲು ಮೇಸ್ತ್ರಿಯನ್ನೋ ವೆಲ್ಡರನ್ನೋ ಹಿಡಿದು ತಿಂಗಳುಗಟ್ಟಲೆ ಓಡಾಡುತ್ತೇವೆ. ಕೋಳಿಗಳನ್ನು ಅದಕ್ಕೆ ಹೊಂದಿಸಲು ಬೇಕಾದ ಒಂದು ವಾರವನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಷ್ಟವೆಲ್ಲ ಶುರುವಾಗುವುದು ಆ ವಾರದಲ್ಲಿ.

ಹಿತ್ತಲು ಮಹಡಿ ಹತ್ತಿತು

ಅತ್ತಿಗುಪ್ಪೆ ಒಂದು ಕಾಲದ ಹಳ್ಳಿ. ವಿಜಯನಗರ, ಚಂದ್ರಾ ಲೇಔಟ್‌ಗಳು ಸುತ್ತ ಬೆಳೆದವು, 2015ರ ನವೆಂಬರ್‌ನಲ್ಲಿ ಮೆಟ್ರೊ ಬಂತು, ನೆಲದ ಬೆಲೆ ಏರಿತು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹಿತ್ತಲು ಎಂದು ಉಳಿಯುವುದು ಬಟ್ಟೆ ಒಗೆಯುವ ಕಲ್ಲಿನಷ್ಟು ಜಾಗ. ಹಾಗಾಗಿ ಇಲ್ಲಿನ ಕೋಳಿಗಳು ಗೂಡು ಬದಲಿಸುವುದು ಹೆಚ್ಚಾಗಿ ಮನುಷ್ಯರ ಮನೆ ಬದಲಾದಾಗ. ನೆಲದಿಂದ ತಾರಸಿಗೆ, ಹಿಂದಿನ ಮೂಲೆಯಿಂದ ಕಾಂಪೌಂಡಿನ ಪಕ್ಕಕ್ಕೆ, ಬಾಡಿಗೆ ಮನೆಯಿಂದ ಸ್ವಂತ ಮನೆಗೆ.

ಹಿತ್ತಲು ಕಿರಿದಾಯಿತೆಂದು ಕೋಳಿ ಸಾಕುವವರು ಕಡಿಮೆಯಾಗಿದ್ದಾರೆ ಅಂದುಕೊಳ್ಳಬೇಡಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ ಮತ್ತಿತರ ಸಾಕುಹಕ್ಕಿಗಳು 85 ಕೋಟಿ ದಾಟಿದ್ದವು. ಅದರಲ್ಲಿ ಹಿತ್ತಲಲ್ಲಿ ಸಾಕಿದವೇ ಸುಮಾರು 31.7 ಕೋಟಿ. 2012ರ ಗಣತಿಗೆ ಹೋಲಿಸಿದರೆ ಇದು ಶೇ 45ಕ್ಕೂ ಮಿಕ್ಕಿದ ಏರಿಕೆ.

ನಮ್ಮ ಊರಿಗೆ ಇದರಲ್ಲಿ ವಿಶೇಷ ಪಾಲಿದೆ. ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ತಳಿ ಹುಟ್ಟಿದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಅದಿನ್ನೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದಾಗ. ಬೀದರಿನಲ್ಲಿ ಪ್ರತ್ಯೇಕ ಪಶುವೈದ್ಯಕೀಯ ವಿಶ್ವವಿದ್ಯಾಲಯ ಆದ ಮೇಲೆ 2005ರಲ್ಲಿ ಬಂದದ್ದು ಸ್ವರ್ಣಧಾರಾ. ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಾಕಣೆ ಸಂಸ್ಥೆ ಕಾವೇರಿ ಎಂಬ ತಳಿ ಕೊಟ್ಟಿದೆ. ಇವುಗಳ ಜೊತೆಗೆ, ಬೀದಿಬದಿ ಬುಟ್ಟಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿಸಿಕೊಂಡು ಮಾರಾಟವಾಗುವ ಮರಿಗಳೂ ಇವೆ. ಮಕ್ಕಳ ಹಟಕ್ಕೆ ಕೊಂಡ ಎರಡು ಮರಿಯಿಂದ ಶುರುವಾಗಿ ಗೂಡಿನವರೆಗೆ ಬಂದ ಮನೆಗಳು ಕಡಿಮೆಯೇನಿಲ್ಲ.

ಮಬ್ಬು ಕವಿದರೆ ಕಾಲು ತಾನೇ ನಡೆಯುತ್ತದೆ

ಮತ್ತೆ ಆ ಮರಳುಗುಡ್ಡೆಗೆ ಬರೋಣ. ಕೋಳಿ ಯಾಕೆ ಅಲ್ಲಿ ಹೋಗಿ ಕೂರುತ್ತದೆ?

ಹಗಲಿನಲ್ಲಿ ಕೋಳಿಯ ಕಣ್ಣು ನಮ್ಮದಕ್ಕಿಂತ ಚುರುಕು. ಬಣ್ಣ ಗುರುತಿಸಲು ನಮಗೆ ಮೂರು ಬಗೆಯ ಕೋಶಗಳಿದ್ದರೆ ಅದಕ್ಕೆ ನಾಲ್ಕಿವೆ. ನಮಗೆ ಕಾಣದ ನೇರಳಾತೀತ ಬೆಳಕಿನ ಒಂದು ಭಾಗವೂ ಅದಕ್ಕೆ ಕಾಣುತ್ತದೆ. ಆದರೆ ಮಂದ ಬೆಳಕಿಗೆ ಬೇಕಾದ ಕೋಶಗಳು ಕಡಿಮೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಅದು ಹೆಚ್ಚುಕಡಿಮೆ ಕುರುಡು. ಹಾಗಾಗಿ ಕಣ್ಣು ಕೆಲಸ ನಿಲ್ಲಿಸುವ ಮುಂಚೆ ಸುರಕ್ಷಿತ ಜಾಗ ಸೇರಿಬಿಡಬೇಕು. ಯೋಚಿಸಿ ಹುಡುಕುತ್ತಾ ಕೂರಲು ವ್ಯವಧಾನವಿಲ್ಲ, ನಿನ್ನೆ ಬದುಕಿ ಎದ್ದ ಜಾಗವೇ ಇವತ್ತಿಗೂ ಸರಿ. ಅಲ್ಲಿ ಗೂಡಿದೆಯೋ ಮರಳಿದೆಯೋ ಎಂಬುದು ಆಮೇಲಿನ ಮಾತು.

ಎತ್ತರದ ಹಂಬಲವೂ ಹೀಗೇ ಬಂದದ್ದು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ನಮ್ಮ ಘಟ್ಟದ ಕಾಡುಗಳಲ್ಲಿ ಕೂಗುವುದು ಅದರ ದಾಯಾದಿ, ಬೂದು ಕಾಡುಕೋಳಿ. ಸಾಕುಕೋಳಿಯ ಚರ್ಮಕ್ಕೆ ಹಳದಿ ಬಣ್ಣ ಕೊಡುವ ಜೀನು ಈ ದಾಯಾದಿಯ ಕಡೆಯಿಂದ ಬಂದದ್ದೆಂದು 2008ರ ಸಂಶೋಧನೆಯೊಂದು ತೋರಿಸಿತು. ಈ ಎರಡೂ ಕಾಡುಕೋಳಿಗಳು ರಾತ್ರಿ ಕಳೆಯುವುದು ಮರದ ಮೇಲೆ. ಗೂಡಿನಲ್ಲಿ ಕೂರುಗೋಲು ಇಲ್ಲದಿದ್ದರೆ ನಾಟಿಕೋಳಿ ಬೇಲಿ, ನೀರಿನ ಟ್ಯಾಂಕು, ಪಕ್ಕದ ಮನೆಯ ಸ್ಕೂಟರು ಹುಡುಕಿಕೊಂಡು ಹೋಗುವುದು ಅದಕ್ಕೇ.

ಚಿಕನ್ ಮೆಶ್ ಎಂಬ ಮೋಸ

ಮನೆ ಕಟ್ಟುವ ಮೇಸ್ತ್ರಿಗಳಿಗೆ ಚಿಕನ್ ಮೆಶ್ ಚೆನ್ನಾಗಿ ಗೊತ್ತು. ಪಿಲ್ಲರು, ಇಟ್ಟಿಗೆ ಗೋಡೆ ಕೂಡುವಲ್ಲಿ ಪ್ಲಾಸ್ಟರು ಬಿರುಕು ಬಿಡದಿರಲೆಂದು ಹೊಡೆಯುವ, ಆರು ಮೂಲೆಯ ಕಣ್ಣಿನ ತೆಳು ಜಾಲರಿ ಅದು. ಕೆಲಸ ಮುಗಿದ ಮೇಲೆ ಉಳಿದ ತುಂಡನ್ನು ಕೋಳಿಗೂಡಿಗೆ ಹೊಡೆದುಬಿಡುವುದು ವಾಡಿಕೆ. ಹೆಸರಿನಲ್ಲೇ ಚಿಕನ್ ಇದೆಯಲ್ಲ!

ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ಹೊರಗಿನವರನ್ನು ತಡೆಯುವುದಿಲ್ಲ. ಬೆಂಗಳೂರಿನಲ್ಲಿ ಹೊರಗಿನವರ ಪಟ್ಟಿ ದೊಡ್ಡದು. ಖಾಲಿ ಸೈಟಿನ ಮುಂಗುಸಿ, ಚರಂಡಿಯ ಹೆಗ್ಗಣ, ಬೀದಿನಾಯಿ, ಬೆಕ್ಕು. ಹಗಲಲ್ಲಿ ಮರಿಗಳ ಮೇಲೆ ಕಣ್ಣಿಟ್ಟು ಸುತ್ತುವ ಹದ್ದು, ಕಾಗೆ. ಮೊಟ್ಟೆಗೆ ಬರುವ ಹಾವು. ನಾಯಿ ತೆಳು ತಂತಿಯನ್ನು ಹಲ್ಲಿನಲ್ಲೇ ಸೀಳುತ್ತದೆ. ಮುಂಗುಸಿಗೆ ತಲೆ ತೂರುವಷ್ಟು ಸಂದು ಸಿಕ್ಕರೆ ಸಾಕು, ಮೈ ಹಿಂದೆಯೇ ಬರುತ್ತದೆ. ಕತ್ತಲಲ್ಲಿ ಕಾಣದ ಕೋಳಿ ಕೂತಲ್ಲೇ ಕೂತಿರುತ್ತದೆ, ಒಂದೇ ರಾತ್ರಿಯಲ್ಲಿ ಗೂಡೆಲ್ಲ ಖಾಲಿ. ಇದಕ್ಕೆ ಬೇಕಾದ್ದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಗೂಡು ಮಣ್ಣಿನ ಮೇಲಿದ್ದರೆ ಜಾಲರಿಯನ್ನು ಒಂದಡಿ ನೆಲದೊಳಕ್ಕೂ ಇಳಿಸಬೇಕು. ಬಾಗಿಲಿಗೆ ಕೊಕ್ಕೆ ಸಾಲದು, ಚಿಲಕ ಇರಲಿ.

ಕೂರುಗೋಲು ಮರದ್ದೇ ಆಗಲಿ, ಎರಡು ಇಂಚು ಅಗಲ, ಮೇಲ್ತುದಿ ಸ್ವಲ್ಪ ಉರುಟು. ಉಳಿದ ಜಿಐ ಪೈಪು ಹಾಕಿದರೆ ಹಿಡಿತ ಜಾರುತ್ತದೆ. ಗಿರಿರಾಜದಂಥ ಮೂರು ಕೆ.ಜಿ. ತೂಗುವ ಹ್ಯಾಟೆಗೆ ಎರಡಡಿ ಎತ್ತರ ಸಾಕು. ಇನ್ನೂ ಮೇಲಿಟ್ಟರೆ ಧುಮುಕಿ ಧುಮುಕಿ ಅಂಗಾಲು ಒಡೆದು ಕೀವಾಗುತ್ತದೆ. ಮೊಟ್ಟೆಯಿಡುವ ಪೆಟ್ಟಿಗೆ ಮಾತ್ರ ಕೂರುಗೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ಕೋಳಿಗಳು ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆಯನ್ನೆಲ್ಲ ಹೊಲಸು ಮಾಡುತ್ತವೆ. ನಾಲ್ಕೈದು ಹ್ಯಾಟೆಗೆ ಒಂದು ಪೆಟ್ಟಿಗೆ ಸಾಕು. ನಾಲ್ಕು ಇಟ್ಟರೂ ಎಲ್ಲವೂ ಒಂದರ ಮುಂದೆಯೇ ಕ್ಯೂ ನಿಲ್ಲುತ್ತವೆ.

ತಾರಸಿ ಗೂಡಿಗೆ ಇನ್ನೊಂದು ಶತ್ರು ಬಿಸಿಲು. ಬೆಂಗಳೂರು ತಂಪೂರು ಎಂಬ ಮಾತನ್ನು ಶೀಟಿನ ಕೆಳಗೆ ಕೂತು ಆಡಲಾಗದು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ, ರೆಕ್ಕೆ ಮೈಯಿಂದ ದೂರ ಹಿಡಿದು ನಿಂತಿತೆಂದರೆ ಅದು ಬೇಯುತ್ತಿದೆ. ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿದ್ದರೆ ಬೆಳಗಿನ, ಸಂಜೆಯ ಓರೆ ಬಿಸಿಲು ಬೀಳುವುದು ಕಿರಿದಾದ ಬದಿಗೆ ಮಾತ್ರ. ಶೀಟಿನ ಮೇಲೆ ಹಸಿ ಗೋಣಿಚೀಲ ಹೊದಿಸುವುದು ಹಳೇ ಉಪಾಯ, ಈಗಲೂ ನಡೆಯುತ್ತದೆ. ಜಾಲರಿಗೆ ಸುತ್ತಲೂ ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿ ಗಾಳಿಯನ್ನೇ ಕಟ್ಟಿಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಮಳೆ ಬೀಳುವ ದಿಕ್ಕಿಗೆ ಮಾತ್ರ ಕಟ್ಟಿದರೆ ಸಾಲದೇ?

ಸಾಗಿಸುವ ರಾತ್ರಿ

ಕತ್ತಲಲ್ಲಿ ಕಾಣದಿರುವುದು ಕೋಳಿಯ ದೌರ್ಬಲ್ಯ. ಸಾಗಿಸುವವರಿಗೆ ಅದೇ ಅನುಕೂಲ. ಹಗಲಲ್ಲಿ ಅಟ್ಟಾಡಿಸಿ ಹಿಡಿಯಹೋದರೆ ಕೋಳಿಯ ಜೊತೆ ಓಣಿಯ ಮಕ್ಕಳೆಲ್ಲ ಓಡುತ್ತಾರೆ, ಕೋಳಿ ಸಿಗುವುದಿಲ್ಲ. ಸಂಜೆ ಹಳೇ ಗೂಡಿಗೇ ಸೇರಲು ಬಿಟ್ಟು, ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ಬೆಂಗಳೂರಿನಲ್ಲಿ ನವೆಂಬರಿನ ಸೂರ್ಯ 5.50ರ ಸುಮಾರಿಗೇ ಮುಳುಗುತ್ತಾನೆ, ಜುಲೈ ಮೊದಲಲ್ಲಿ 6.50ರ ಹತ್ತಿರ. ಮುಹೂರ್ತ ಇಡಲು ಪಂಚಾಂಗ ಬೇಡ, ಇಷ್ಟು ನೋಡಿಕೊಂಡರೆ ಸಾಕು.

ಟಾರ್ಚಿನ ಬಾಯಿಗೆ ಕೆಂಪು ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು, ಮಂದ ಕೆಂಪು ಬೆಳಕಿಗೆ ಕೋಳಿ ಹೆಚ್ಚು ಬೆದರುವುದಿಲ್ಲ. ಎರಡೂ ಕೈಯಲ್ಲಿ ರೆಕ್ಕೆ ಸಮೇತ ಮೈ ಹಿಡಿದು, ಎದೆಗೆ ಆನಿಸಿಕೊಂಡು ಎತ್ತಬೇಕು. ಕಾಲು ಹಿಡಿದು ತಲೆಕೆಳಗೆ ನೇತುಹಾಕಿಕೊಂಡು ಹೋಗುವ ಅಭ್ಯಾಸ ನಮ್ಮ ಸಂತೆಗಳಿಂದ ಬಂದದ್ದು. ಹಕ್ಕಿಗಳಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವೆ ವಪೆ ಇಲ್ಲ. ತಲೆಕೆಳಗಾದರೆ ಕರುಳು, ಯಕೃತ್ತು ಎಲ್ಲ ಉಸಿರಿನ ಚೀಲಗಳ ಮೇಲೆ ಕೂರುತ್ತವೆ. ಸುಮ್ಮನಾಯಿತಲ್ಲ ಎಂದು ನಾವು ಭಾವಿಸುವ ಕೋಳಿ ಉಸಿರಿಗೆ ಒದ್ದಾಡುತ್ತಿರುತ್ತದೆ. ಅನಗತ್ಯವಾಗಿ ನೋವಾಗುವ ಭಂಗಿಯಲ್ಲಿ ಪ್ರಾಣಿಗಳನ್ನು ಒಯ್ಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ದೂರವಿದ್ದರೆ ಬಿದಿರಿನ ಮಂಕರಿ ಅಥವಾ ತೂತು ಹೊಡೆದ ರಟ್ಟಿನ ಡಬ್ಬ. ಹೊಸ ಗೂಡಿನಲ್ಲಿ ನೆಲಕ್ಕೆ ಬಿಡದೆ ಒಂದೊಂದಾಗಿ ಕೂರುಗೋಲಿನ ಮೇಲೇ ಕೂರಿಸಬೇಕು. ಕಾಲು ಕೋಲಿಗೆ ತಾಗಿದ ಕೂಡಲೇ ಬೆರಳು ತಾವಾಗಿ ಮಡಿಚಿ ಹಿಡಿಯುತ್ತವೆ. ನಾಲ್ಕು ಸಲ ‘ಕೊಕ್ ಕೊಕ್’ ಎಂದು ಗೊಣಗಿ ನಿದ್ದೆಗೆ ಜಾರುತ್ತವೆ.

ಕಾವಿಗೆ ಕೂತ ಹ್ಯಾಟೆ ಇದ್ದರೆ ಅದನ್ನು ಈ ಸಡಗರದಿಂದ ಬಿಡಿಸಿ. 21 ದಿನದ ಕಾವು ನಡುವೆ ಕದಡಿದರೆ ತಾಯಿ ಎದ್ದುಬಿಡಬಹುದು, ಮೊಟ್ಟೆ ತಣ್ಣಗಾಗಬಹುದು. ಮರಿ ಒಡೆಯುವವರೆಗೆ ಗೂಡು ಕೆಡವುವುದನ್ನೇ ಮುಂದೂಡಿದರೆ ಗುತ್ತಿಗೆದಾರ ಬೈಯಬಹುದು, ಬೈಯಲಿ.

ಬಾಗಿಲು ತೆರೆಯದ ವಾರ

ಬೆಳಗಾದ ಮೇಲೆ ಬಾಗಿಲು ತೆರೆಯಲು ಕೈ ತುರಿಸುತ್ತದೆ. ತೆರೆಯಬೇಡಿ. ಐದರಿಂದ ಏಳು ದಿನ ಕೋಳಿಗಳು ಹೊಸ ಗೂಡಿನಲ್ಲೇ ಮಲಗಿ, ಅಲ್ಲೇ ತಿಂದು, ಅಲ್ಲೇ ಏಳಬೇಕು. ಮಲಗುವ ಜಾಗದ ನೆನಪು ಬದಲಾಗುವುದು ಹೀಗೆ ರಾತ್ರಿಗಳು ಸಂದ ಮೇಲೆ. ಕೂಡಿಹಾಕಿದ ಈ ದಿನಗಳಿಗೆ ಜಾಗ ಸಾಲಬೇಕು, ಒಂದು ಕೋಳಿಗೆ ಮೂರು ನಾಲ್ಕು ಚದರಡಿಯಾದರೂ ಇರಲಿ. ನೀರು ಎಲ್ಲಿದೆಯೆಂದು ಗೊತ್ತಾಗದ ಒಂದೆರಡು ಕೋಳಿಗಳು ಇರುತ್ತವೆ. ಅವುಗಳ ಕೊಕ್ಕನ್ನು ಮೆಲ್ಲಗೆ ನೀರಿಗೆ ಅದ್ದಿ ತೋರಿಸಬೇಕು. ಸಂಜೆ ಕೊರಳ ಬುಡದ ಮೇವಿನ ಚೀಲ ಮುಟ್ಟಿ ನೋಡಿದರೆ ಯಾರು ತಿಂದಿದ್ದಾರೆ, ಯಾರು ಉಪವಾಸ ಎಂದು ಬೆರಳಿಗೇ ತಿಳಿಯುತ್ತದೆ.

ಮೊದಲ ಸಲ ಹೊರಗೆ ಬಿಡುವುದು ಕತ್ತಲಿಗೆ ಒಂದು ಗಂಟೆ ಮುಂಚೆ. ದೂರ ಅಲೆಯಲು ಸಮಯವಿರುವುದಿಲ್ಲ, ಹಸಿವಿರುತ್ತದೆ, ಮಬ್ಬು ಕವಿಯುತ್ತಿರುತ್ತದೆ. ಕಾಳಿನ ಡಬ್ಬ ಅಲ್ಲಾಡಿಸಿದರೆ ಒಳಗೆ ಬಂದುಬಿಡುತ್ತವೆ. ಹಳೇ ಗೂಡು ಅದೇ ಹಿತ್ತಲಲ್ಲಿ ಇನ್ನೂ ನಿಂತಿದ್ದರೆ ಆ ಹೊತ್ತಿಗೆ ಅದರ ಬಾಯಿ ಮುಚ್ಚಿರಬೇಕು. ಬೀದಿದೀಪದ ಎಲ್‌ಇಡಿ ನೇರ ಗೂಡಿಗೆ ಬೀಳುತ್ತಿದ್ದರೆ ಆ ಬದಿಗೆ ಒಂದು ಗೋಣಿ ಇಳಿಬಿಡಿ. ಕತ್ತಲಾಗದೆ ಕೋಳಿಗೆ ಸಂಜೆಯೇ ಆಗುವುದಿಲ್ಲ.

ಕೋಲಿನ ತುದಿ ಯಾರಿಗೆ?

ನಾರ್ವೆಯ ಥೋರ್ಲೈಫ್ ಷೆಲ್ಡೆರುಪ್-ಎಬ್ಬೆ ಚಿಕ್ಕಂದಿನಿಂದ ಕೋಳಿಗಳನ್ನು ನೋಡುತ್ತಾ ಬೆಳೆದು, 1921ರಲ್ಲಿ ಅವುಗಳ ನಡುವಿನ ಮೇಲು–ಕೀಳಿನ ಶ್ರೇಣಿಯನ್ನು ವಿವರಿಸಿದರು. ಒಂದನೆಯದು ಎಲ್ಲರನ್ನೂ ಕುಕ್ಕುತ್ತದೆ, ಎರಡನೆಯದು ಒಂದನೆಯದನ್ನು ಬಿಟ್ಟು ಉಳಿದವರನ್ನು, ಕೊನೆಯದು ಎಲ್ಲರ ಕೈಲೂ ಕುಕ್ಕಿಸಿಕೊಳ್ಳುತ್ತದೆ. ಸೊಸೆಯಂದಿರು ಹೆಚ್ಚಿರುವ ಕೂಡುಕುಟುಂಬ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಗುಂಪು ಒಟ್ಟಾಗಿಯೇ ಸಾಗಿದರೆ ಶ್ರೇಣಿಯೂ ಜೊತೆಗೇ ಬರುತ್ತದೆ. ಜಗಳ ಆಗುವುದು ಕೂರುಗೋಲಿನ ಮೇಲಿನ ಜಾಗಕ್ಕೆ. ಎರಡು ಮೂರು ಸಂಜೆಯಲ್ಲಿ ತೀರ್ಮಾನವಾಗುತ್ತದೆ. ಹೊಸ ಗೂಡು ದೊಡ್ಡದಿದೆಯಲ್ಲ ಎಂದು ಅದೇ ವಾರ ನಾಲ್ಕು ಹೊಸ ಕೋಳಿ ತಂದು ಸೇರಿಸಿದರೆ ಮಾತ್ರ ರಕ್ತ ಬೀಳುವುದು ಖಂಡಿತ. ರಕ್ತ ಕಂಡರೆ ಉಳಿದವೂ ಕುಕ್ಕಲು ಬರುತ್ತವೆ. ಗಾಯಗೊಂಡದ್ದನ್ನು ಬೇರೆ ಇಡಬೇಕು. ಹೊಸಬರನ್ನು ಮೂರು ನಾಲ್ಕು ವಾರ ಪ್ರತ್ಯೇಕವಾಗಿ ಸಾಕಿ, ಆಮೇಲೆ ಕೆಲ ದಿನ ಜಾಲರಿಯ ಆಚೆ ಈಚೆ ಮುಖ ಪರಿಚಯ ಮಾಡಿಸಿ, ಕೊನೆಗೆ ಒಂದು ರಾತ್ರಿ ಒಳಗೆ ಸೇರಿಸುವುದು ಸರಿಯಾದ ಕ್ರಮ.

ಮೊಟ್ಟೆ ನಿಂತಿತೆಂದು ಗಾಬರಿ ಬೇಡ

ಹಳದಿ ಹೊರಟು ಮೊಟ್ಟೆಯಾಗಿ ಹೊರಬೀಳಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಇಪ್ಪತ್ತು ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ನಡುವೆ ಗಾಬರಿಗೊಂಡರೆ ಹ್ಯಾಟೆ ಮೊಟ್ಟೆಯನ್ನು ಒಳಗೇ ತಡೆಹಿಡಿಯುತ್ತದೆ. ಹೆಚ್ಚು ಹೊತ್ತು ಉಳಿದ ಮೊಟ್ಟೆಯ ಮೇಲೆ ಸುಣ್ಣದ ಇನ್ನೊಂದು ಪದರ ಕೂತು, ಸೊಂಟಪಟ್ಟಿ ಕಟ್ಟಿದಂತೆ ಬಿಳಿಗೆರೆಯೋ ಚಪ್ಪಟೆ ಬದಿಯೋ ಕಾಣುತ್ತದೆ. ಹೊಸ ಗೂಡಿನ ಮೊದಲ ವಾರ ಇಂಥ ಸೊಟ್ಟ ಮೊಟ್ಟೆ ಸಿಕ್ಕರೆ, ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆ ಬಿದ್ದರೆ, ಅಥವಾ ಮೊಟ್ಟೆಯೇ ಬಾರದಿದ್ದರೆ ಅದು ಕಾಯಿಲೆಯೇ ಆಗಿರಬೇಕಿಲ್ಲ. ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಮೊಟ್ಟೆ ಇಟ್ಟರೆ ಎಲ್ಲಿ ಇಡಬೇಕೆಂಬುದು ಬೇಗ ಹೊಳೆಯುತ್ತದೆ.

ಮೊಟ್ಟೆ ನಿಂತ ಜೊತೆಗೆ ಕೋಳಿ ತೂಕಡಿಸುತ್ತಾ ನಿಂತರೆ, ಹಸಿರು ಭೇದಿಯಾದರೆ, ಕತ್ತು ತಿರುಚಿಕೊಂಡರೆ ಮಾತ್ರ ತಡಮಾಡಬಾರದು. ಕೊಕ್ಕರೆ ರೋಗ ಎಂದು ಹಳ್ಳಿಗಳಲ್ಲಿ ಕರೆಯುವ ರಾಣಿಖೇತ್ ರೋಗದ ಲಕ್ಷಣ ಅವು. ಲಸಿಕೆ ಹಾಕಿಸದ ಗುಂಪನ್ನು ಅದು ಕೆಲವೇ ದಿನದಲ್ಲಿ ಗುಡಿಸಿಹಾಕುತ್ತದೆ. ಸಾಗಿಸುವ ಎರಡು ಮೂರು ವಾರ ಮುಂಚೆಯೇ ಲಸಿಕೆ ಮುಗಿಸಿಕೊಳ್ಳುವುದು ಜಾಣತನ.

ಹಳೇ ಹಲಗೆ ಬೇಡ

ದುಡ್ಡು ಉಳಿಸಲು ಹಳೇ ಗೂಡಿನ ಹಲಗೆಯನ್ನೇ ಹೊಸದಕ್ಕೆ ಬಳಸುವವರಿದ್ದಾರೆ. ಆ ಹಲಗೆಯ ಬಿರುಕಿನಲ್ಲಿ ಕೆಂಪು ನುಸಿ ಇರಬಹುದು. ಹಗಲೆಲ್ಲ ಬಿರುಕಿನಲ್ಲಿ ಅವಿತು, ರಾತ್ರಿ ಹೊರಬಂದು ಕೋಳಿಯ ರಕ್ತ ಹೀರಿ ಮರಳುವ ಜೀವಿ ಅದು. ಹಾಗಾಗಿ ಹಗಲಲ್ಲಿ ಕೋಳಿಯ ಮೈ ಎಷ್ಟು ತಡಕಿದರೂ ಸಿಗದು. ಕತ್ತಲಾದ ಮೇಲೆ ಬಿಳಿ ಕಾಗದದಿಂದ ಕೂರುಗೋಲಿನ ಅಡಿ ಒರೆಸಿ ನೋಡಿ; ರಕ್ತದ ಗೀರು ಕಂಡರೆ ಆ ಮರ ಸೌದೆಗೆ.

ದೊಡ್ಡ ರೋಗಗಳ ನೆನಪೂ ನಮಗೆ ಹತ್ತಿರದ್ದೇ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಾಣಿಸಿಕೊಂಡಾಗ ಸುತ್ತಲಿನ ಮನೆಗಳ ಸಾಕುಹಕ್ಕಿಗಳನ್ನೂ ಬಿಡಲಿಲ್ಲ, ಒಂದು ಕಿ.ಮೀ. ವ್ಯಾಪ್ತಿಯಲ್ಲಿ ಎಲ್ಲವನ್ನೂ ಕೊಲ್ಲುವುದು ನಿಯಮ. ಗೂಡಿನ ಮೇಲ್ಭಾಗಕ್ಕೂ ಜಾಲರಿ ಹೊದಿಸಿ ಕಾಗೆ, ಪಾರಿವಾಳಗಳು ಕೋಳಿಯ ನೀರಿಗೆ ಬಾಯಿ ಹಾಕದಂತೆ ನೋಡಿಕೊಳ್ಳುವುದು, ಗೂಡಿಗೆ ಹೋಗಲು ಬೇರೆಯೇ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳುವುದು ಅತಿ ಎಚ್ಚರಿಕೆಯೇನಲ್ಲ.

ಹುಂಜನ ಪ್ರಶ್ನೆ

ಹ್ಯಾಟೆ ಮೊಟ್ಟೆಯಿಡಲು ಹುಂಜ ಬೇಕಿಲ್ಲ, ಮರಿ ಬೇಕೆಂದರೆ ಮಾತ್ರ ಬೇಕು. ಇಷ್ಟು ತಿಳಿದಿದ್ದರೂ ಹುಂಜವಿಲ್ಲದ ಗೂಡು ಬಿಕೋ ಎನ್ನುತ್ತದೆಂದು ಒಂದನ್ನು ಇಟ್ಟುಕೊಳ್ಳುವವರೇ ಹೆಚ್ಚು. ಹಿತ್ತಲಲ್ಲಿದ್ದಾಗ ಅದರ ಕೂಗು ನಮ್ಮ ಗೋಡೆಗೇ ಬಡಿಯುತ್ತಿತ್ತು. ತಾರಸಿ ಹತ್ತಿದ ಮೇಲೆ ನಾಲ್ಕು ಬೀದಿಯ ಬೆಡ್‌ರೂಮಿಗೆ ತಲುಪುತ್ತದೆ. ಹಸಿ ಹೊಟ್ಟಿನ ವಾಸನೆಯನ್ನು ಹೇಗೋ ಸಹಿಸಿಕೊಂಡ ಪಕ್ಕದ ಮನೆಯವರು ‘ಆಂಟಿ, ನಿಮ್ ಕೋಳಿ ನಾಲ್ಕು ಗಂಟೆಗೇ ಎಬ್ಬಿಸ್ತದಲ್ಲ’ ಎಂದು ಬರುವುದು ಆಗಲೇ.

ಗೂಡಿಗೆ ಕಪ್ಪು ಬಟ್ಟೆ ಹೊದಿಸಿದರೆ ಕೂಗುವುದಿಲ್ಲ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ಹಗಲು–ರಾತ್ರಿಯ ವ್ಯತ್ಯಾಸವೇ ತಿಳಿಯದ ಮಬ್ಬು ಬೆಳಕಿನಲ್ಲಿಟ್ಟು ನೋಡಿದರು. ಆಗಲೂ ಅವು ತಮ್ಮ ದೇಹದೊಳಗಿನ ಗಡಿಯಾರದ ಪ್ರಕಾರವೇ ಕೂಗಿದವು. ಎರಡು ಹುಂಜ ಇಟ್ಟವರಿಗೆ ಅದೇ ತಂಡ ಆಮೇಲೆ ಹೇಳಿದ ಇನ್ನೊಂದು ಸಂಗತಿ: ಮೊದಲು ಕೂಗುವ ಹಕ್ಕು ದೊಡ್ಡಣ್ಣನದು, ಉಳಿದವು ಅವನಾದ ಮೇಲೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟ ಕತೆಯ ಮುದುಕಿಗೆ ಇದು ಗೊತ್ತಿದ್ದರೆ ಜಂಬ ಇನ್ನಷ್ಟು ಏರುತ್ತಿತ್ತೇನೊ.

ಬೀದಿಯವರ ಜೊತೆ ಬಾಳಬೇಕಾದವರು ಕೊನೆಗೆ ಮಾಡುವುದೂ ಆ ಮುದುಕಿ ಮಾಡಿದ್ದನ್ನೇ. ಹುಂಜವನ್ನು ಕೈಚೀಲದಲ್ಲಿ ಕೂರಿಸಿ, ತಲೆ ಹೊರಗಿಟ್ಟು, ಮಾಗಡಿ ಕಡೆಯೋ ಕುಣಿಗಲ್ ಕಡೆಯೋ ಊರಲ್ಲಿರುವ ನೆಂಟರ ಮನೆಗೆ ಸಾಗಹಾಕುತ್ತಾರೆ. ಬಸ್ಸಿನಲ್ಲಿ ಹೋಗುವವರು ಚಿಲ್ಲರೆ ಸಿದ್ಧ ಇಟ್ಟುಕೊಳ್ಳಲಿ: ಕೆಎಸ್‌ಆರ್‌ಟಿಸಿ ಕಂಡಕ್ಟರ್ ಕೋಳಿಗೆ ಅರ್ಧ ಟಿಕೆಟ್ ಹರಿದದ್ದು ಕೆಲ ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ದುಡ್ಡು ಕೊಟ್ಟ ಮೇಲೆ ಅದಕ್ಕೂ ಸೀಟು ಕೊಡಬೇಕೇ ಎಂಬ ಚರ್ಚೆ ಆಗ ಜೋರಾಗಿಯೇ ನಡೆದಿತ್ತು.